ಯಂತ್ರಕ್ಕೆ ಕುಂಕುಮ ಹಚ್ಚಿದವರಿಗೆ ಒಂದು ಪ್ರಶ್ನೆ

ಮಾನ್ಯ ಸಂಪಾದಕರೇ,

ಸೋಮವಾರದ ಪತ್ರಿಕೆಯಲ್ಲಿ ಬಸ್ ಸ್ಟ್ಯಾಂಡ್ ಹಿಂದಿನ ಲ್ಯಾಬಿನ ರಕ್ತ ಪರೀಕ್ಷೆಯ ಹೊಸ ಯಂತ್ರದ ಫೋಟೋ ಹಾಕಿದ್ದೀರಿ. ಕುಂಕುಮ ಹಚ್ಚಿದ್ದು, ರಿಬ್ಬನ್ ಕತ್ತರಿಸಿದ್ದು, ಸಾಲಾಗಿ ನಿಂತು ನಕ್ಕಿದ್ದು ಎಲ್ಲಾ ಚೆನ್ನಾಗಿ ಬಂದಿದೆ. ಅದೇ ಯಂತ್ರದ ರಿಪೋರ್ಟು ಹಿಡಿದುಕೊಂಡು ಬುಧವಾರ ರಾತ್ರಿ ದಾವಣಗೆರೆಗೆ ಓಡಿದವನು ನಾನು.

ಮೊಮ್ಮಗ ಹುಟ್ಟಿ ಹದಿನಾಲ್ಕು ಗಂಟೆ ಆಗಿತ್ತು. ಹಾಲು ಕುಡಿದು ಸುಮ್ನೆ ಮಲಗಿದ್ದ. ಮಾಮೂಲಿ ಪರೀಕ್ಷೆ ಅಂತ ಹಿಮ್ಮಡಿಗೆ ಚುಚ್ಚಿ ರಕ್ತ ತೆಗೆದರು. ರಿಪೋರ್ಟಿನಲ್ಲಿ ಬಿಳಿ ರಕ್ತಕಣ 22,400, ಪಕ್ಕದಲ್ಲಿ ದಪ್ಪಕ್ಷರದ ‘ಎಚ್’, ಅಂದರೆ ಹೈ, ಜಾಸ್ತಿ ಅಂತ. ಹಿಮೋಗ್ಲೋಬಿನ್ 19.2, ಅದಕ್ಕೂ ‘ಎಚ್’. ಬಿಳಿ ಕಣಕ್ಕೆ ನಾರ್ಮಲ್ ಅಂತ ಅಚ್ಚಾಗಿದ್ದು 4,000ದಿಂದ 11,000. ಮೇಲೆ ವಯಸ್ಸು 1 ದಿನ ಅಂತ ಅವರೇ ಬರೆದಿದ್ದಾರೆ, ಕೆಳಗೆ ಮೀಸೆ ಬಂದ ಗಂಡಸಿನ ಲೆಕ್ಕ! ಲ್ಯಾಬಿನ ಹುಡುಗ, “ಯಜಮಾನ್ರೇ, ಇನ್‌ಫೆಕ್ಷನ್ ಇರಬಹುದು, ದೊಡ್ಡ ಆಸ್ಪತ್ರೆಗೆ ಹೋಗಿಬಿಡಿ” ಅಂದ. ಪಕ್ಕದ ಮಂಚದವರು ಬ್ಲಡ್ ಕ್ಯಾನ್ಸರ್ ತನಕ ಹೋದರು.

ಬಾಡಿಗೆ ಕಾರಿಗೆ 2,800 ರೂಪಾಯಿ. ಹೊಲಿಗೆ ಹಾಕಿಸಿಕೊಂಡ ಬಾಣಂತಿ ಆ ಗುಂಡಿ ರಸ್ತೆಯಲ್ಲಿ ಕೂರಬೇಕಾಯಿತು. ನಮ್ಮಾಕೆ ದಾರಿಯುದ್ದಕ್ಕೂ ಮೈಲಾರಲಿಂಗನಿಗೆ ಹರಕೆ ಹೊತ್ತಳು. ಅದರ ಖರ್ಚು ಇನ್ನೂ ಬಾಕಿ ಇದೆ.

ದಾವಣಗೆರೆಯ ಮಕ್ಕಳ ಡಾಕ್ಟರು ಮಗುವನ್ನು ನೋಡಿ, ರಿಪೋರ್ಟು ನೋಡಿ ನಕ್ಕರು. ಆಗ ತಾನೇ ಹುಟ್ಟಿದ ಕೂಸಿಗೆ ಬಿಳಿ ರಕ್ತಕಣ 9,000ದಿಂದ 30,000ದವರೆಗೂ ಇರಬಹುದಂತೆ. ಹಿಮೋಗ್ಲೋಬಿನ್ 14ರಿಂದ 22. ಹಿಮ್ಮಡಿಯ ರಕ್ತದಲ್ಲಿ ಇನ್ನಷ್ಟು ಜಾಸ್ತಿ ಕಾಣುತ್ತದಂತೆ. ಎರಡು ಮೂರು ತಿಂಗಳಿಗೆ ಹಿಮೋಗ್ಲೋಬಿನ್ ತಾನಾಗಿಯೇ 11ರ ಆಸುಪಾಸಿಗೆ ಇಳಿಯುತ್ತದಂತೆ. ಆಗ ನಮ್ಮ ಲ್ಯಾಬಿನವರು ಕಡಿಮೆ ಅಂತ ‘ಎಲ್’ ಒತ್ತಿ ಇನ್ನೊಂದು ಸಲ ಓಡಿಸುತ್ತಾರೆ, ಅಲ್ವಾ?

ಡಾಕ್ಟರು ಇನ್ನೊಂದು ಮಾತು ಹೇಳಿದರು. ಕೂಸುಗಳ ಒಂದು ಬಗೆಯ ಬಿಳಿ ಕಣಕ್ಕೆ ಎಷ್ಟೋ ಕಡೆ ಈಗಲೂ ನೋಡುವ ನಾರ್ಮಲ್ ಅಂಕಿಗಳ ಪಟ್ಟಿ 1979ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಮಾಡಿದ್ದಂತೆ. ನಮ್ಮ ಕೂಸುಗಳ ಲೆಕ್ಕ ಬೇಕಾದರೆ ಕಡಿಮೆ ಅಂದರೂ 120 ಆರೋಗ್ಯವಂತ ಮಕ್ಕಳ ರಕ್ತ ನೋಡಬೇಕು, ಹುಟ್ಟಿದ ದಿನದ್ದು ಬೇರೆ, ವಾರದ್ದು ಬೇರೆ ಅಂತ. ನಮ್ಮೂರಲ್ಲಿ ಕೂಸುಗಳಿಗೇನು ಬರವೇ? ನೋಡುವವರಿಗೆ ಬರ. ಅದು ಹೋಗಲಿ, ಪುಸ್ತಕದಲ್ಲಿ ಇರುವುದನ್ನಾದರೂ ಕಂಪ್ಯೂಟರಿಗೆ ತುಂಬಬಾರದೇ?

ತಾಲ್ಲೂಕು ಆರೋಗ್ಯ ಕಚೇರಿಗೆ ಹೋದೆ. ಸಾಹೇಬರು ಮೀಟಿಂಗ್‌ನಲ್ಲಿದ್ದರು. ಮೂರು ವರ್ಷದ ಹಿಂದೆ ಆಸ್ಪತ್ರೆ ಮುಂದಿನ ಚರಂಡಿಯ ಬಗ್ಗೆ ಅರ್ಜಿ ಕೊಟ್ಟಾಗಲೂ ಮೀಟಿಂಗ್‌ನಲ್ಲೇ ಇದ್ದರು. ಚರಂಡಿ ಇನ್ನೂ ಹಾಗೇ ಇದೆ. ದೊಡ್ಡ ಮೊಮ್ಮಗಳ ಜನನ ಪತ್ರದಲ್ಲಿ ಅವಳನ್ನು ಗಂಡು ಅಂತ ಬರೆದಿದ್ದರು. ತಿದ್ದಿಸಲು ಏಳು ಸಲ ಅಲೆದೆ.

ಲ್ಯಾಬಿನವರು ಮಕ್ಕಳ ಅಂಕಿ ಬೇರೆ ಹಾಕಲಿ, ಇಲ್ಲವೇ ಮಕ್ಕಳ ರಕ್ತ ಮುಟ್ಟದಿರಲಿ. ಇಲಾಖೆಯವರು ಒಂದು ಸಲ ಎದ್ದು ಬಂದು ನೋಡಲಿ. ಅದೂ ಆಗದಿದ್ದರೆ ಫೋಟೋದಲ್ಲಿ ನಕ್ಕವರು ಯಾರಾದರೂ ನನ್ನ 2,800 ರೂಪಾಯಿ ಕೊಡಲಿ.

ಇಂತಿ,
ನಿದ್ದೆಗೆಟ್ಟ ಒಬ್ಬ ಅಜ್ಜ