ಗನ್ ದ್ವೀಪದಿಂದ ಗೆಳೆಯನಿಗೊಂದು ಪತ್ರ

ಗೆಳೆಯಾ,

"ಮಾಲ್ಡೀವ್ಸಿಗೆ ಹೋಗಿ ರನ್‌ವೇ ಫೋಟೋ ಕಳಿಸ್ತೀಯಲ್ಲೋ, ಬೀಚ್ ಎಲ್ಲಿ?" ಅಂತ ನೀನು ಬೈದಿದ್ದೆ. ಬೀಚ್ ಇದೆ ಮಾರಾಯ. ಆದರೆ ನಾನಿರುವ ಗನ್ ದ್ವೀಪದಲ್ಲಿ ರನ್‌ವೇಯೇ ಯಜಮಾನ. ಈ ತುದಿಯಿಂದ ಆ ತುದಿಗೆ ಕಾಲು ಚಾಚಿ ಮಲಗಿದೆ. ಉಳಿದದ್ದೆಲ್ಲ ಅದರ ಪಕ್ಕದಲ್ಲಿ ಮುದುಡಿಕೊಂಡಿದೆ.

ಇದು ದೇಶದ ದಕ್ಷಿಣದ ತುದಿ. ಅಡ್ಡು ಅನ್ನೋ ಹವಳದ್ವೀಪಗಳ ಗುಂಪು, ಭೂಮಧ್ಯರೇಖೆಯಿಂದ ಸ್ವಲ್ಪ ಕೆಳಗೆ. ಗನ್ ಅಂದರೆ ಬಂದೂಕಲ್ಲ. ನಮ್ಮ 'ಗ್ರಾಮ'ವೇ ಸವೆದು ಸವೆದು ಗನ್ ಆಯಿತು ಅಂತಾರೆ. ಆ ಗ್ರಾಮದಲ್ಲಿ ಈಗ ಊರೇ ಇಲ್ಲ. ನಾನು ಮಲಗೋ ಕೋಣೆ ಕೂಡ ಹಿಂದೆ ಬ್ರಿಟಿಷ್ ವಾಯುಪಡೆಯ ಸಾರ್ಜೆಂಟರದ್ದು.

ಬ್ರಿಟಿಷರು ಮೊದಲು ಬಂದದ್ದು 1941ರಲ್ಲಿ, ಗುಟ್ಟಾಗಿ. ನೌಕಾನೆಲೆಗೆ 'ಪೋರ್ಟ್ ಟಿ' ಅಂತ ಅಡ್ಡಹೆಸರು. 1942ರ ಏಪ್ರಿಲಿನಲ್ಲಿ ಜಪಾನಿನವರು ಕೊಲಂಬೊ ಮೇಲೆ ಬಾಂಬ್ ಹಾಕುವಾಗ ಬ್ರಿಟಿಷ್ ಹಡಗುಗಳು ಇಲ್ಲಿ ಎಣ್ಣೆ ತುಂಬಿಸಿಕೊಳ್ಳುತ್ತಿದ್ದವು. ಜಪಾನಿಗೆ ಈ ಜಾಗದ ಸುಳಿವೇ ಇರಲಿಲ್ಲ. ಸೈನಿಕರನ್ನು ಕಾಡಿದ್ದು ಮಲೇರಿಯಾ ಮತ್ತು ಟೈಫಸ್. ಯುದ್ಧ ಮುಗಿದ ಮೇಲೆ ಗಂಟುಮೂಟೆ ಕಟ್ಟಿಕೊಂಡು ಹೋದರು.

ಹೋದವರು ತಿರುಗಿ ಬಂದದ್ದು 1957ರಲ್ಲಿ. ಸಿಲೋನಿನ, ಅಂದರೆ ಈಗಿನ ಶ್ರೀಲಂಕಾದ, ಬಂಡಾರನಾಯಕೆ ಸರ್ಕಾರ ಅಲ್ಲಿನ ನೆಲೆ ಬಿಡಿ ಅಂದಿತ್ತು. ಸಿಂಗಾಪುರದ ಕಡೆ ಹಾರುವ ವಿಮಾನಗಳಿಗೆ ಮಧ್ಯೆ ಇಳಿಯಲು ಒಂದು ಜಾಗ ಬೇಕಿತ್ತು. ರಾಜಧಾನಿ ಮಾಲೆಯಲ್ಲಿದ್ದ ಸರ್ಕಾರದ ಜೊತೆ ಒಪ್ಪಂದ ಆಯಿತು. ನೂರು ವರ್ಷದ ಗುತ್ತಿಗೆ, ವರ್ಷಕ್ಕೆ ಬರೀ 2,000 ಪೌಂಡ್! ನಮ್ಮಲ್ಲಿ ತೋಟ ಗೇಣಿಗೆ ಕೊಡುವವನೂ ಇದಕ್ಕಿಂತ ಚೌಕಾಸಿ ಮಾಡ್ತಾನೆ.

ಗನ್‌ನಲ್ಲಿದ್ದ ಜನರನ್ನು ಎಬ್ಬಿಸಿ ಪಕ್ಕದ ಫೇಧೂ ದ್ವೀಪಕ್ಕೆ ಕಳಿಸಿದರು. ಫೇಧೂದವರಿಗೆ ಜಾಗ ಸಾಲದಾಯಿತು. ಅವರಲ್ಲಿ ಎಷ್ಟೋ ಜನರನ್ನು ಎಬ್ಬಿಸಿ ಅದರಾಚೆಯ ಮರಧೂಗೆ ಕಳಿಸಿದರು. ಈಗ ದ್ವೀಪಗಳ ನಡುವೆ ರಸ್ತೆ ಇದೆ, ನಾನು ಬಾಡಿಗೆ ಸೈಕಲ್ಲಿನಲ್ಲಿ ಹೋಗಿ ಬಂದೆ. ಗನ್ ದಾಟಿದರೆ ಫೇಧೂ. ಫೇಧೂ ದಾಟಿದರೆ ಮತ್ತೊಂದು ಬೋರ್ಡು: ಮರಧೂ-ಫೇಧೂ. ಎದ್ದು ಹೋದವರು ಊರಿನ ಹೆಸರನ್ನೂ ಹೊತ್ತುಕೊಂಡು ಹೋಗಿದ್ದಾರೆ.

ಅಲ್ಲಿ ಚಾ ಅಂಗಡಿ ಮುಂದೆ ಕಬ್ಬಿಣದ ಚೌಕಟ್ಟಿಗೆ ಹಗ್ಗದ ಬಲೆ ಹೆಣೆದ ಕುರ್ಚಿಗಳು. ಅದಕ್ಕೆ ಅವರು ಜೋಲಿ ಅಂತಾರೆ! ನಾನು ನಗೋದು ನೋಡಿ ಪಕ್ಕದ ಅಜ್ಜ ಮಾತಿಗೆ ಸಿಕ್ಕಿದ. ಹದಿನೇಳನೇ ವಯಸ್ಸಿಗೆ ಬ್ರಿಟಿಷ್ ನೆಲೆಯ ಮೆಸ್‌ನಲ್ಲಿ ರೂಂ ಬಾಯ್ ಆಗಿದ್ದವನು. ಸಾಹೇಬರ ಶೂ ಪಾಲಿಶ್ ಮಾಡುವಾಗ ಎಂಜಲು ಎಷ್ಟು, ಬಟ್ಟೆ ಎಷ್ಟು ಸುತ್ತು ಅಂತ ಕೈಯಲ್ಲೇ ತೋರಿಸಿದ. "ನಿಮ್ಮೂರು ಇದೇನಾ?" ಅಂದೆ. "ಹುಟ್ಟಿದ್ದು ಇಲ್ಲೇ. ಊರು ಫೇಧೂ" ಅಂದ.

ಎಬ್ಬಿಸಿದವರ ಮೇಲೆ ಸಿಟ್ಟಿರಬೇಕಲ್ವಾ? ಇಲ್ಲ. ಸಿಟ್ಟೆಲ್ಲ ಮಾಲೆ ಮೇಲೆ. ನೆಲೆಯಲ್ಲಿ ಕೂಲಿ ಇತ್ತು, ಆಸ್ಪತ್ರೆ ಇತ್ತು. ಮಾಲೆಯಿಂದ ಬರುತ್ತಿದ್ದದ್ದು ತೆರಿಗೆ ಮಾತ್ರ. ಪ್ರಧಾನಿಯಾದ ಇಬ್ರಾಹಿಂ ನಾಸಿರ್, ಬಾಡಿಗೆ ಏರಿಸಿ, ಅವಧಿ ಇಳಿಸಿ ಅಂತ ಬ್ರಿಟಿಷರ ಜೊತೆ ಪಟ್ಟು ಹಿಡಿದ. ನ್ಯಾಯವಾದ ಮಾತೇ. ಆದರೆ ಅದೇ ಹೊತ್ತಿಗೆ ದೋಣಿಗಳ ಮೇಲೆ ಹೊಸ ತೆರಿಗೆ ಹೇರಿದ್ದು ಇಲ್ಲಿನವರನ್ನು ಕೆರಳಿಸಿತು. 1959ರ ಜನವರಿಯಲ್ಲಿ ದಕ್ಷಿಣದ ದ್ವೀಪಗಳು ಸುವಾದಿವ್ ಅಂತ ಬೇರೆ ದೇಶವನ್ನೇ ಘೋಷಿಸಿಕೊಂಡವು. ಅಧ್ಯಕ್ಷ ಯಾರು ಗೊತ್ತಾ? ನೆಲೆಯಲ್ಲಿ ದುಭಾಷಿಯಾಗಿದ್ದ ಅಬ್ದುಲ್ಲಾ ಅಫೀಫ್ ದೀದಿ.

1960ರಲ್ಲಿ ಬ್ರಿಟಿಷರು ಮಾಲೆ ಜೊತೆ ರಾಜಿಯಾದರು. ಗುತ್ತಿಗೆ ಮೂವತ್ತು ವರ್ಷಕ್ಕಿಳಿಯಿತು, ದೇಶದ ಅಭಿವೃದ್ಧಿಗೆ ಅಂತ 1960ರಿಂದ 1965ರೊಳಗೆ 7,50,000 ಪೌಂಡ್ ಕೊಡಲು ಬ್ರಿಟಿಷರು ಒಪ್ಪಿದರು. ಅಷ್ಟಾದ ಮೇಲೆ ಅಫೀಫ್ ಯಾರಿಗೆ ಬೇಕು? ನಾಸಿರ್ ಗನ್‌ಬೋಟ್ ತಂದು, ಸುವಾದಿವ್‌ಗೆ ಸೇರಿದ್ದ ಹುವದು ದ್ವೀಪಗಳನ್ನು ಬಗ್ಗಿಸಿದ. ಅಲ್ಲಿನ ತಿನಧೂ 1962ರಲ್ಲಿ ಊರಿಗೆ ಊರೇ ಖಾಲಿಯಾಯಿತು. 1963ರಲ್ಲಿ ಬ್ರಿಟಿಷರೇ ಅಫೀಫ್‌ನನ್ನೂ ಅವನ ಕುಟುಂಬವನ್ನೂ ಯುದ್ಧನೌಕೆ ಹತ್ತಿಸಿ ಸೇಶೆಲ್ಸಿಗೆ ಬಿಟ್ಟುಬಂದರು. ಈ ಭಾಗ ಹೇಳುವಾಗ ಅಜ್ಜ ದನಿ ತಗ್ಗಿಸಿದ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ, ಆದರೂ.

ಸಿಂಗಾಪುರದಿಂದ ಕಾಲ್ತೆಗೆದ ಮೇಲೆ ಬ್ರಿಟನ್ನಿಗೆ ಗನ್ ಕೂಡ ಬೇಡವಾಯಿತು. ಗುತ್ತಿಗೆ ಇನ್ನೂ ಬಾಕಿ ಇತ್ತು. 1976ರ ಮಾರ್ಚಿನಲ್ಲಿ ಹೊರಟೇ ಹೋದರು. ಮರುವರ್ಷ ಸೋವಿಯತ್ ರಷ್ಯಾ ವರ್ಷಕ್ಕೆ ಹತ್ತು ಲಕ್ಷ ಡಾಲರ್ ಬಾಡಿಗೆ ಕೊಡ್ತೀನಿ ಅಂದಿತಂತೆ, ಮಾಲೆ ಬೇಡ ಅಂದಿತು. ಅಡ್ಡುವಿನ ಗಂಡಸರು ಕಲಿತ ಇಂಗ್ಲಿಷ್ ಹಿಡಿದು ಮಾಲೆ ಕಡೆಯ ಹೊಸ ರೆಸಾರ್ಟುಗಳಿಗೆ ಹೊರಟರು. ಅಜ್ಜನೂ ಹೋದ. ಮೂವತ್ತು ವರ್ಷ ಬೇರೆಯವರ ಹಾಸಿಗೆ ಹಾಸಿ ಬಂದನಂತೆ.

ಹೊರಡುವಾಗ ನನ್ನ ರೂಂ ನಂಬರ್ ಕೇಳಿದ. ಹೇಳಿದೆ. "ಆ ಸಾಲಿನಲ್ಲಿ ಮಳೆಗೆ ಸೋರ್ತಿತ್ತು, ಈಗಲೂ ಸೋರುತ್ತಾ?" ಅಂದ. ನಿನ್ನೆ ರಾತ್ರಿ ಮಳೆ ಬಂತು. ಬಕೆಟ್ ಇಟ್ಟುಕೊಂಡೇ ಈ ಪತ್ರ ಬರೀತಾ ಇದ್ದೀನಿ. ಬೀಚ್ ಫೋಟೋ ನಾಳೆ ಕಳಿಸ್ತೀನಿ ಬಿಡು.

ನಿನ್ನ ಗೆಳೆಯ