ಶುಗರಿನ ಲೆಕ್ಕದಲ್ಲಿ ಸುಳ್ಳು ಬೇಡ ಮಗಾ

ಉಡುಪಿ
ಸೋಮವಾರ ರಾತ್ರಿ

ಪ್ರೀತಿಯ ಮಗಾ,

ನೀನು ಕಳಿಸಿದ ಸ್ಕ್ರೀನ್‌ಶಾಟ್ ನೋಡಿದೆ. ಮೀಟರಿನಲ್ಲಿ 130, ಆ್ಯಪಿನಲ್ಲಿ 7.2, ಯಾವುದು ಸರಿ ದೊಡ್ಡಮ್ಮಾ ಅಂತ ಕೇಳಿದ್ದೀ. ಎರಡೂ ಸರಿ. ನಮ್ಮಲ್ಲಿ ಶುಗರನ್ನು ಮಿಲಿಗ್ರಾಂನಲ್ಲಿ ಹೇಳುತ್ತಾರೆ, ಇಂಗ್ಲೆಂಡಿನಂಥ ಕಡೆ ಮಿಲಿಮೋಲಿನಲ್ಲಿ. 7.2ನ್ನು 18ರಿಂದ ಗುಣಿಸಿ ನೋಡು, ಹೆಚ್ಚುಕಡಿಮೆ 130 ಬರುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಯೂನಿಟ್ ಬದಲಿಸು. ಇಲ್ಲದಿದ್ದರೆ ನಾಳೆ ಮೂರು ತಿಂಗಳ ಸರಾಸರಿ ತೋರಿಸುವ ಶುಗರ್ ಟೆಸ್ಟಿನಲ್ಲಿ (HbA1c) 7.2 ಅಂತ ಬಂದಾಗ ಎರಡನ್ನೂ ಒಂದೇ ಅಂದುಕೊಳ್ಳುತ್ತೀ. ಅದು ಶೇಕಡಾ ಲೆಕ್ಕ, ಬೇರೆಯೇ ವಿಷಯ.

34ಕ್ಕೇ ಶುಗರ್ ಬಂತಲ್ಲ ಅಂತ ನಿನ್ನ ಅಮ್ಮ ಫೋನಿನಲ್ಲಿ ಅತ್ತಳು. ನನಗೂ ಬೇಜಾರಾಗಿದೆ. ಆದರೆ ನೀನು ಮೊದಲ ವಾರದಿಂದಲೇ ಬರೆದಿಡಲು ಶುರುಮಾಡಿದ್ದೀ, ಅದು ನೋಡಿ ಧೈರ್ಯ ಬಂತು. ಬರೆಯುವಾಗ ನಾನು ಮಾಡಿದ ತಪ್ಪು ಮಾತ್ರ ಮಾಡಬೇಡ.

ನನ್ನ ಕಾಲಕ್ಕೆ ಆ್ಯಪ್ ಇರಲಿಲ್ಲ, ಒಂದು ನೋಟ್‌ಬುಕ್ ಇತ್ತು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 112, 115, 118 ಬರುತ್ತಿತ್ತು. ಚೆಂದ ಮಾಡಿ ಬರೆಯುತ್ತಿದ್ದೆ. ಊಟದ ನಂತರ ನೋಡುತ್ತಲೇ ಇರಲಿಲ್ಲ. ಹಲಸಿನ ಹಣ್ಣಿನ ಕಾಲದಲ್ಲಿ ಒಂದು ದಿನ ಅದರ ಗಟ್ಟಿ, ಅಂದರೆ ಕಡುಬು, ತಿಂದು ಎರಡು ಗಂಟೆ ಬಿಟ್ಟು ನೋಡಿದರೆ 246. ಆ ಪುಟ ಹಾಗೇ ಖಾಲಿ ಬಿಟ್ಟೆ. ಮೂರು ತಿಂಗಳ ಶುಗರ್ ಮಾಡಿಸಿದಾಗ 8.4 ಬಂತು. ಡಾಕ್ಟರು ರಿಪೋರ್ಟ್ ನೋಡಿದರು, ನನ್ನ ನೋಟ್‌ಬುಕ್ ನೋಡಿದರು, ಆಮೇಲೆ ಮೆಲ್ಲ ಕೇಳಿದರು, "ಅಮ್ಮಾ, ಇದರಲ್ಲಿ ಎಲ್ಲಾ ಬರೆದಿದ್ದೀರಾ?" 8.4 ಅಂದರೆ ಸರಾಸರಿ 190ರ ಮೇಲೆ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಅಷ್ಟೂ ದಿನ ಸಕ್ಕರೆ ಅದಕ್ಕೆ ಅಂಟುತ್ತಾ ಹೋಗುತ್ತದೆ, ಆ ಟೆಸ್ಟ್ ನೋಡುವುದು ಅದನ್ನೇ. ನಾನು ಬರೆಯದೆ ಬಿಟ್ಟದ್ದೆಲ್ಲ ಅಲ್ಲಿ ಇತ್ತು. ನನ್ನ ಮುಚ್ಚುಮರೆಯಿಂದ ಮಾತ್ರೆ ಬದಲಿಸುವುದು ಮೂರು ತಿಂಗಳು ತಡವಾಯಿತು.

ಅದಕ್ಕೇ ಹೇಳುವುದು, 246 ಬಂದರೆ 246 ಅಂತಲೇ ಹಾಕು. ಪಕ್ಕದಲ್ಲಿ ಏನು ತಿಂದೆ, ನಡೆದೆಯಾ, ನಿದ್ದೆ ಬಂತಾ ಅಂತಲೂ ಬರಿ. ಬರೀ ನಂಬರ್ ನೋಡಿದರೆ ಡಾಕ್ಟರಿಗೂ ಏನೂ ಗೊತ್ತಾಗುವುದಿಲ್ಲ.

ತಿಂಡಿಯ ವಿಷಯದಲ್ಲಿ ಆ್ಯಪನ್ನು ಪೂರ್ತಿ ನಂಬಬೇಡ. ನೀನು ಸಂಜೆ ಆಫೀಸಿನ ಹತ್ತಿರ ಚಹಾದ ಜೊತೆ ಬನ್ಸ್ ತಿನ್ನುತ್ತೀಯಲ್ಲ, ಪಟ್ಟಿಯಲ್ಲಿ "ಬನ್" ಅಂತ ಹುಡುಕಿ ಹಾಕಿದ್ದೀ. ಅದು ಬೇಕರಿಯ ಬನ್ ಮಗಾ. ನಮ್ಮದರಲ್ಲಿ ಮೈದಾ, ಕಳಿತ ಬಾಳೆಹಣ್ಣು, ಸಕ್ಕರೆ ಎಲ್ಲಾ ಇದೆ, ಮೇಲೆ ಎಣ್ಣೆಯಲ್ಲಿ ಕರಿದದ್ದು. ಹಾಗೇ "ಅನ್ನ" ಅಂದರೆ ಬೆಳ್ತಿಗೆಯೋ (ಬಿಳಿ ಅಕ್ಕಿ) ಕುಚ್ಚಲಕ್ಕಿಯೋ ಅಂತ ಅದಕ್ಕೆ ಗೊತ್ತಿಲ್ಲ. ಕುಚ್ಚಲಕ್ಕಿ ಒಳ್ಳೆಯದು ಅಂತ ಮೂರು ಸೌಟು ಜಾಸ್ತಿ ಬಡಿಸಿಕೊಂಡರೆ ಅದರಲ್ಲೂ ಶುಗರ್ ಏರುತ್ತದೆ. ನಿನ್ನ ಮೈಗೆ ಯಾವುದು ಎಷ್ಟು ಏರಿಸುತ್ತದೆ ಅಂತ ನಿನ್ನ ಮೀಟರೇ ಹೇಳಬೇಕು. ಒಂದು ದಿನ ನೀರುದೋಸೆ ತಿಂದು ನೋಡು, ಇನ್ನೊಂದು ದಿನ ಗಂಜಿಯ ಜೊತೆ ಹೆಸರುಕಾಳಿನ ಪಲ್ಯ ತಿಂದು ನೋಡು. ಮೊದಲ ತುತ್ತಿನಿಂದ ಎರಡು ಗಂಟೆ ಲೆಕ್ಕ ಇಡು.

ಚುಚ್ಚುವ ಮೊದಲು ಕೈ ತೊಳೆದು ಒರೆಸು. ಒಮ್ಮೆ ಮಾವಿನಹಣ್ಣು ಹೆಚ್ಚಿದ ಕೈಯಲ್ಲೇ ನೋಡಿದೆ, 210 ಬಂತು. ತೊಳೆದು ಮತ್ತೆ ನೋಡಿದರೆ 138. ಬೆರಳಿನ ತುದಿಯ ನಡುವೆ ಚುಚ್ಚಬೇಡ, ಬದಿಯಲ್ಲಿ ಚುಚ್ಚಿದರೆ ನೋವು ಕಡಿಮೆ.

ತೋಳಿಗೆ ಅಂಟಿಸುವ ಸೆನ್ಸರ್ ತೆಗೆದುಕೊಳ್ಳಲಾ ಅಂತ ಕೇಳಿದ್ದೀ. ಡಾಕ್ಟರು ಹೇಳಿದರೆ ತಗೋ. ಅದು ರಕ್ತವನ್ನಲ್ಲ, ಚರ್ಮದಡಿಯ ನೀರನ್ನು ನೋಡುವುದು, ಹಾಗಾಗಿ ಕೆಲವು ನಿಮಿಷ ಹಿಂದೆ ಇರುತ್ತದೆ. ಕೈ ನಡುಗಿ, ಬೆವರಿ, ತಲೆ ತಿರುಗಿದ ಹಾಗಾದರೆ ಬೆರಳು ಚುಚ್ಚಿ ನೋಡು. 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿ, 15 ನಿಮಿಷ ಬಿಟ್ಟು ಮತ್ತೆ ನೋಡು. ಮೀಟರ್ ಕೈಗೆ ಸಿಗದಿದ್ದರೆ ಹುಡುಕುತ್ತಾ ಕೂರಬೇಡ, ಮೊದಲು ಸಕ್ಕರೆ ನೀರು ಕುಡಿ.

ಇನ್ನೊಂದು. ಆ ಆ್ಯಪಿನೊಳಗೆ "ಮಾತ್ರೆ ಬಿಟ್ಟುಬಿಡಿ" ಅಂತ ಜಾಹೀರಾತು ಬರುತ್ತದೆ. ನೀನು ಅದನ್ನು ಒತ್ತಿ ನೋಡಿದ್ದೀ ಅಂತ ನಿನ್ನ ಹೆಂಡತಿ ಹೇಳಿದಳು. ಅವಳಿಗೆ ಬೈಯಬೇಡ, ಹೆದರಿ ಹೇಳಿದ್ದು. ನಂಬರ್ ಎಷ್ಟೇ ಚೆನ್ನಾಗಿ ಬಂದರೂ ಡಾಕ್ಟರನ್ನು ಕೇಳದೆ ಒಂದು ಮಾತ್ರೆಯನ್ನೂ ಬಿಡಬೇಡ, ಅರ್ಧ ಮಾಡಬೇಡ.

ಭಾನುವಾರ ಇಬ್ಬರೂ ಬನ್ನಿ. ಮಂಗಳೂರಿನಿಂದ ಬೆಳಿಗ್ಗೆ ಬೇಗ ಹೊರಟರೆ ಬಿಸಿಲು ಏರುವ ಮೊದಲು ಅಜ್ಜರಕಾಡು ಪಾರ್ಕಿನಲ್ಲಿ ನಾಲ್ಕು ಸುತ್ತು ನಡೆಯಬಹುದು. ಮಧ್ಯಾಹ್ನಕ್ಕೆ ಕುಚ್ಚಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ, ಬಸಳೆ ಮಾಡಿರುತ್ತೇನೆ. ಎರಡು ಗಂಟೆ ಬಿಟ್ಟು ನೀನೂ ನಾನೂ ಒಟ್ಟಿಗೆ ನೋಡೋಣ. ನನ್ನ ಹತ್ತಿರ ಸ್ಟ್ರಿಪ್ ನಾಲ್ಕೇ ಉಳಿದಿದೆ, ನಿನ್ನ ಮೀಟರ್ ತರಲು ಮರೆಯಬೇಡ.

ನಿನ್ನ
ದೊಡ್ಡಮ್ಮ