ಅಕ್ಕಿಕಾಳು ಬೀಳುವ ಮುಂಚೆ ಆಡಬೇಕಾದ ಮಾತು

ಗಂಗಾವತಿ

ಪ್ರೀತಿಯ ಮಗಳೇ,

ಅನೇಕ ಆಶೀರ್ವಾದಗಳು. ಮದುವೆಗೆ ಇನ್ನು ಐದು ವಾರ ಉಳಿದಿದೆ. ಸೀರೆ, ಬಂಗಾರ, ಕಲ್ಯಾಣ ಮಂಟಪ ಅಂತ ದಿನಾ ಫೋನಿನಲ್ಲಿ ಮಾತಾಗುತ್ತಲೇ ಇದೆ. ಫೋನಿನಲ್ಲಿ ಆಡಲು ಬಾಯಿ ಬರದ ಮಾತು ಒಂದಿದೆ, ಅದಕ್ಕೇ ಈ ಕಾಗದ.

ಹೋದ ವಾರ ನೀನು ಕೇಳಿದೆ: "ಅವ್ವಾ, ಗಂಡ ಆಗಲಿ ಹೆಂಡತಿ ಆಗಲಿ ಇನ್ನೊಬ್ಬರ ಹತ್ತಿರ ಹೋಗಿಬಂದರೆ ಮನೆ ಹಾಂಗ ಇರ್ತದ, ಸಂಬಳ ಹಾಂಗ ಬರ್ತದ. ಮತ್ತ ಯಾಕ ಅಷ್ಟು ನೋವು?" ಸುಮ್ಮನೆ ಕೇಳಿದ ಪ್ರಶ್ನೆ ಅದಲ್ಲ ಅಂತ ನನಗೆ ಗೊತ್ತು. ಮದುವೆಯ ಮೊದಲ ವರ್ಷ ನಿನ್ನ ಗಂಡನಾಗುವವರು ತೋರಣಗಲ್ಲಿನಲ್ಲಿ ಪಾಳಿ ಕೆಲಸದಲ್ಲಿ, ನೀನು ಬೆಂಗಳೂರಿನಲ್ಲಿ. ಹದಿನೈದು ದಿನಕ್ಕೊಮ್ಮೆ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಒಂದು ರಾತ್ರಿಯ ಪ್ರಯಾಣ. ಹಾಗಾಗಿ ಬಿಡಿಸಿ ಬರೆಯುತ್ತೇನೆ. ಕಾನೂನಿನ ಮಾತುಗಳನ್ನು ನಿಮ್ಮಪ್ಪ ಓದಿ ತಿದ್ದಿದ್ದಾರೆ.

ನೋವು ದೇಹದ ಲೆಕ್ಕದಲ್ಲಿ ಮುಗಿಯುವುದಿಲ್ಲ. ಒಬ್ಬ ಹೆಣ್ಣುಮಗಳಿಗೆ ಗಂಡನ ಸಂಬಂಧ ಎರಡು ವರ್ಷ ಆದಮೇಲೆ ಗೊತ್ತಾಯಿತು ಅಂತ ಇಟ್ಟುಕೋ. ಆ ಎರಡು ವರ್ಷದ ಒಂದೊಂದು ದಿನವೂ ಮತ್ತೆ ಎದ್ದು ಬಂದು ಕೂಡುತ್ತದೆ. ಹುಲಿಗಿ ಜಾತ್ರೆಯಲ್ಲಿ ತೆಗೆಸಿದ ಫೋಟೋ ನೋಡಿದರೆ "ಅವತ್ತೂ ಇತ್ತಾ?" ಬಾಣಂತನಕ್ಕೆ ತವರಿಗೆ ಬಂದ ತಿಂಗಳು ನೆನೆದರೆ "ಆಗಲೂ ಇತ್ತಾ?" ಫೋನ್ ಹಿಡಿದು ಮಾಳಿಗೆ ಹತ್ತುತ್ತಿದ್ದದ್ದು ಸಿಗ್ನಲ್ ಸಿಗಲಿ ಅಂತಲಾ, ಬೇರೆ ಯಾರಿಗಾದರೂ ಮಾತಾಡಲಿಕ್ಕಾ? ತಾನು ಬದುಕಿದ ದಿನಗಳೇ ತನ್ನವಲ್ಲ ಅನ್ನಿಸುತ್ತದೆ. ಅದೇ ಹೊತ್ತಿನಲ್ಲಿ ಅವಳು ಕೆಲಸ ಬಿಟ್ಟಿರಬಹುದು, ಇಬ್ಬರ ಹೆಸರಿನಲ್ಲಿ ಸಾಲಕ್ಕೆ ಸಹಿ ಹಾಕಿರಬಹುದು, ಎರಡನೇ ಮಗು ಬೇಕು ಅಂದಿರಬಹುದು. ಗೊತ್ತಿದ್ದಿದ್ದರೆ ಬೇರೆ ತೀರ್ಮಾನ ಮಾಡುತ್ತಿದ್ದಳೋ ಏನೋ. ಆ ಅವಕಾಶವನ್ನು ಅವಳ ಕೈಯಿಂದ ಕಿತ್ತುಕೊಂಡಿದ್ದೇ ದೊಡ್ಡ ಪೆಟ್ಟು. ಮುಚ್ಚಿಟ್ಟದ್ದು ಎಷ್ಟು ದಿನವೋ ಗಾಯ ಅಷ್ಟು ಆಳ ಅನ್ನುವುದು ಇದಕ್ಕೇ.

ಎರಡನೆಯದು ಹೆದರಿಕೆ. ಹೆದರಿಕೆಯಾದಾಗ ಮನುಷ್ಯ ಯಾರ ಹತ್ತಿರ ಓಡುತ್ತಾನೋ ಅವರಿಂದಲೇ ಹೆದರಿಕೆ ಬಂದರೆ ಮೈಗೆ ದಿಕ್ಕು ತೋಚುವುದಿಲ್ಲ. ರಾತ್ರಿ ಮೂರಕ್ಕೆ ಎಚ್ಚರ, ಹಸಿವಿಲ್ಲ, ಬೇಡ ಬೇಡವೆಂದರೂ ಒಂದೇ ಚಿತ್ರ ಕಣ್ಣ ಮುಂದೆ. ರೊಟ್ಟಿ ತಟ್ಟೆಯ ಪಕ್ಕದಲ್ಲಿ ಬೋರಲು ಹಾಕಿಟ್ಟ ಫೋನು ಒಮ್ಮೆ ಗುಂಯ್ ಅಂದು ಅಂಚಿನಲ್ಲಿ ಬೆಳಕು ಮಿಣುಕಿದರೆ ಸಾಕು, ಬಾಯಲ್ಲಿದ್ದ ತುತ್ತು ಇಳಿಯುವುದಿಲ್ಲ, ಎದೆ ಡವಡವ. ದೊಡ್ಡ ಅಪಘಾತ ಕಂಡವರಿಗೂ ಹೀಗೇ ಆಗುತ್ತದೆ. ಇದನ್ನು ಹುಚ್ಚು ಅನ್ನಬಾರದು, "ಎಷ್ಟು ದಿನ ಅಂತ ಅದನ್ನೇ ಹಿಡಿದು ಕೂಡ್ತಿ?" ಅಂತ ಗದರಿಸಲೂಬಾರದು. ಇದು ತಿಂಗಳಲ್ಲಿ ಇಳಿಯುವುದಲ್ಲ. ಜೊತೆಗೇ ಉಳಿದ ದಂಪತಿಗಳಿಗೂ ಒಂದೆರಡು ವರ್ಷ ಹಿಡಿಯುವುದು ಸಾಮಾನ್ಯ.

ಇದರ ಮೇಲೆ ಓಣಿಯವರಿಗೆಲ್ಲ ಮೊದಲೇ ಗೊತ್ತಿತ್ತು ಅನ್ನುವ ಅವಮಾನ, "ನನ್ನಲ್ಲಿ ಏನು ಕಡಿಮೆ ಇತ್ತು" ಅನ್ನುವ ಪ್ರಶ್ನೆ. ಆ ಪ್ರಶ್ನೆಗೆ ಬಹಳ ಸಲ ಉತ್ತರವೇ ಇರುವುದಿಲ್ಲ. ಚೆನ್ನಾಗಿ ಬಾಳುತ್ತಿದ್ದ ಮನೆಗಳಲ್ಲೂ ಇದು ಆಗುತ್ತದೆ. ಸಂಸಾರದಲ್ಲಿ ಬೇಸರ ಇದ್ದರೆ ಅದರಲ್ಲಿ ಇಬ್ಬರ ಪಾಲೂ ಇರಬಹುದು, ಮುಚ್ಚಿಟ್ಟು ಹೊರಗೆ ಹೋದ ತೀರ್ಮಾನ ಮಾತ್ರ ಹೋದವರದು.

ಗಂಡಸಿಗೆ ದೇಹದ ಸಂಬಂಧ ಹೆಚ್ಚು ಚುಚ್ಚುತ್ತದೆ, ಹೆಂಗಸಿಗೆ ಮನಸ್ಸು ಕೊಟ್ಟದ್ದು ಹೆಚ್ಚು ಚುಚ್ಚುತ್ತದೆ ಅಂತ ನೀನು ಓದಿರಬಹುದು. 1992ರಲ್ಲಿ ಡೇವಿಡ್ ಬಸ್ ಅನ್ನುವ ಮನಶ್ಶಾಸ್ತ್ರಜ್ಞ ಮತ್ತು ಸಂಗಡಿಗರು, ಎರಡರಲ್ಲಿ ಯಾವುದು ಹೆಚ್ಚು ನೋಯಿಸುತ್ತದೆ, ಒಂದನ್ನೇ ಆರಿಸಿ ಅಂತ ಕೇಳಿದಾಗ ದೇಹದ ಸಂಬಂಧವನ್ನು ಆರಿಸಿದವರು ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚಿದ್ದರು. ಅದರ ಅರ್ಥದ ಬಗ್ಗೆ ಇವತ್ತಿಗೂ ವಾದ ಮುಗಿದಿಲ್ಲ. ಒಂದನ್ನೇ ಆರಿಸಬೇಕೆಂದಾಗ ಬಂದ ಉತ್ತರ ಅದು. ಉಳಿದದ್ದು ನೋಯಿಸುವುದಿಲ್ಲ ಅಂತ ಅದರರ್ಥವಲ್ಲ. ನೀನು ಅದನ್ನು ನಿಯಮ ಅಂದುಕೊಳ್ಳಬೇಡ, ನಿನ್ನ ಜೊತೆ ಬಾಳುವವರನ್ನೇ ಕೇಳು.

ಕೇಳಬೇಕಾದದ್ದು ಯಾಕೆಂದರೆ "ನಿಷ್ಠೆ" ಅನ್ನುವ ಮಾತಿಗೆ ಇಬ್ಬರ ತಲೆಯಲ್ಲೂ ಒಂದೇ ಅರ್ಥ ಇರುತ್ತದೆ ಅಂತ ಎಲ್ಲರೂ ನಂಬಿರುತ್ತಾರೆ. ಅಕ್ಕಿಕಾಳು ಬೀಳುವಾಗ ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಒಬ್ಬರಿಗೆ ಮೈ ಮುಟ್ಟಿದರೆ ಮಾತ್ರ ತಪ್ಪು. ಇನ್ನೊಬ್ಬರಿಗೆ ಹಳೆಯ ಗೆಳತಿಗೆ ರಾತ್ರಿ ಹನ್ನೊಂದಕ್ಕೆ ಮೆಸೇಜ್ ಹಾಕಿದರೂ ತಪ್ಪು. ಬೇರೆ ಊರುಗಳಲ್ಲಿ, ಬೇರೆ ದೇಶಗಳಲ್ಲಿ, ಇಬ್ಬರೂ ಒಪ್ಪಿ ಹೊರಗೆ ಸಂಬಂಧ ಇಟ್ಟುಕೊಳ್ಳಲು ಬಿಡುವ ದಂಪತಿಗಳೂ ಇದ್ದಾರೆ. ಅವರಲ್ಲೂ ಒಪ್ಪಂದ ಮೀರಿ ಮುಚ್ಚಿಟ್ಟರೆ ಇದೇ ನೋವು, ಇದೇ ಎಚ್ಚರದ ರಾತ್ರಿ.

ನಮ್ಮ ಸೀಮೆಯಲ್ಲಿ ಒಂದು ಮಾತಿದೆ, "ಇಟ್ಟುಕೊಂಡಾನ." ಗೌಡರು, ಸಾವ್ಕಾರರು ಇಟ್ಟುಕೊಳ್ಳುತ್ತಿದ್ದರು, ಊರು ಅದನ್ನು ದೊಡ್ಡಸ್ತಿಕೆ ಅಂತ ನೋಡುತ್ತಿತ್ತು. ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ದೇವದಾಸಿಯಾಗಿ ಬಿಡುವುದನ್ನು ಕರ್ನಾಟಕದ 1982ರ ಕಾಯ್ದೆ ನಿಷೇಧಿಸಿತು, ಆ ಮಾತು ಮಾತ್ರ ಬಾಯಲ್ಲಿ ಉಳಿದಿದೆ. ಮನೆಯಲ್ಲಿದ್ದವಳನ್ನು ಯಾರೂ ಕೇಳಿರಲಿಲ್ಲ, ಹೊರಗಿದ್ದವಳನ್ನೂ ಕೇಳಿರಲಿಲ್ಲ. ಅದನ್ನು ಒಪ್ಪಂದ ಅನ್ನಲಾಗದು. "ಗಂಡಸು ಅಂದಮ್ಯಾಲ ಹಂಗ" ಅನ್ನುವ ಬಾಯೇ ಹೆಣ್ಣಿನ ವಿಷಯಕ್ಕೆ ಬಂದಾಗ ಕಲ್ಲು ಎತ್ತಿಕೊಳ್ಳುತ್ತದೆ. ಕರಾರು ಇಬ್ಬರಿಗೂ ಒಂದೇ ಇರಬೇಕು, ಇದರಲ್ಲಿ ನಾನು ಒಂದು ಕೂದಲೆಳೆಯಷ್ಟೂ ಹಿಂದೆ ಸರಿಯುವುದಿಲ್ಲ.

ಕಾನೂನೂ ಬಹಳ ಕಾಲ ಹಾಗೇ ಇತ್ತು. ದಂಡ ಸಂಹಿತೆಯ 497ನೇ ಕಲಮಿನಲ್ಲಿ ಇನ್ನೊಬ್ಬನ ಹೆಂಡತಿಯ ಜೊತೆ ಸಂಬಂಧ ಇಟ್ಟುಕೊಂಡ ಗಂಡಸಿಗೆ 5 ವರ್ಷದವರೆಗೆ ಜೈಲು. ಆ ಗಂಡನ ಸಮ್ಮತಿ ಇದ್ದರೆ ಅಪರಾಧವೇ ಇಲ್ಲ. ಮೋಸಹೋದ ಹೆಂಡತಿಗೆ ದೂರು ಕೊಡುವ ಹಕ್ಕಿಲ್ಲ. ಹೆಂಡತಿಯನ್ನು ಗಂಡನ ಆಸ್ತಿಯಂತೆ ನೋಡಿದ್ದ ಅದನ್ನು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 27ರಂದು ತೆಗೆದುಹಾಕಿತು. "ಈಗ ಅದೇನೂ ತಪ್ಪಲ್ಲ" ಅಂತ ಹೇಳುವವರು ಅರ್ಧ ಓದಿದವರು. ಜೈಲು ಇಲ್ಲ ಅಷ್ಟೇ, ಹಿಂದೂ ವಿವಾಹ ಕಾಯ್ದೆಯ 13ನೇ ಕಲಮಿನಲ್ಲಿ ವಿಚ್ಛೇದನಕ್ಕೆ ಅದು ಈಗಲೂ ಕಾರಣ, ಗಂಡನಿಗೂ ಹೆಂಡತಿಗೂ. 1976ರ ತಿದ್ದುಪಡಿಯ ಮೇಲೆ ಒಂದೇ ಸಲ ನಡೆದಿದ್ದರೂ ಸಾಕು. ಮೆಸೇಜು, ಮಾತು ಮಾತ್ರ ಇದ್ದರೆ ಆ ಕಾರಣಕ್ಕೆ ಸಾಲದು, ಕ್ರೌರ್ಯ ಅಂತ ವಾದಿಸಬೇಕಾಗುತ್ತದೆ. ನಿಮ್ಮಪ್ಪ ಇನ್ನೊಂದು ಸೇರಿಸಲು ಹೇಳಿದರು: ಗೊತ್ತಾದ ಮೇಲೆ ಕ್ಷಮಿಸಿ ಮೊದಲಿನಂತೆ ಸಂಸಾರ ಮಾಡಿದರೆ ಆಮೇಲೆ ಅದೇ ಹಳೆಯ ಘಟನೆಯ ಮೇಲೆ ವಿಚ್ಛೇದನ ಕೇಳುವುದು ಕಷ್ಟವಾಗುತ್ತದೆ. ಆದ್ದರಿಂದ ಅಂಥ ಹೊತ್ತಿನಲ್ಲಿ ವಕೀಲರನ್ನು ಕಾಣುವುದಿದ್ದರೆ ಬೇಗ ಕಾಣಬೇಕು.

ಈಗ ನೀವಿಬ್ಬರೂ ಆಡಬೇಕಾದ ಮಾತು. ಮುಖ ನೋಡಿಕೊಂಡು, ಮನೆಯವರು ಯಾರೂ ಇಲ್ಲದ ಕಡೆ, ಒಂದೂವರೆ ತಾಸು ಇಟ್ಟುಕೊಳ್ಳಿ. ರಾತ್ರಿ ಪಾಳಿ ಮುಗಿಸಿ ಬಂದ ದಿನ ಬೇಡ. "ನೀನು ಮೋಸ ಮಾಡ್ತೀಯಾ?" ಅಂತ ಶುರು ಮಾಡಿದರೆ ಮಾತು ಅಲ್ಲೇ ಕಡಿಯುತ್ತದೆ. "ನನಗೆ ಇಷ್ಟು ಸರಿ, ಇಷ್ಟು ಸರಿಯಲ್ಲ, ನಿನಗೆ ಹೇಗೆ?" ಅಂತ ನಿನ್ನದರಿಂದ ಶುರು ಮಾಡು. ಹಳೆಯ ಪ್ರೀತಿ ಇದ್ದವರ ಜೊತೆ ಮಾತು ಉಳಿಯುತ್ತದೋ ಇಲ್ಲವೋ, ಫೋನಿನಲ್ಲಿ ಅಶ್ಲೀಲ ವಿಡಿಯೋ ನೋಡುವುದರ ಬಗ್ಗೆ ಇಬ್ಬರ ಅಭಿಪ್ರಾಯ ಏನು, ಎಷ್ಟು ದಿನ ದೂರ ಇದ್ದರೆ ತಡೆಯುವುದಿಲ್ಲ, ಒಬ್ಬರಿಗೆ ಬೇಕಾದಾಗ ಇನ್ನೊಬ್ಬರಿಗೆ ಬೇಡವಾದರೆ ಏನು ಮಾಡುವುದು. ಹೆರಿಗೆಯ ನಂತರ ಸಾಮಾನ್ಯವಾಗಿ ಆರು ವಾರ ದೂರ ಇರಲು ಹೇಳುತ್ತಾರೆ, ನಮ್ಮಲ್ಲಿ ಬಾಣಂತನ ಮೂರರಿಂದ ಐದು ತಿಂಗಳು. ಆ ದಿನಗಳ ಬಗ್ಗೆ ಮೊದಲೇ ಮಾತಾಡಿದ ದಂಪತಿಗಳು ಬಹಳ ಕಡಿಮೆ. ಬೇರೆಯವರ ಮೇಲೆ ಮನಸ್ಸು ಹೊರಳಿದರೆ ಅದನ್ನು ಹೇಳಿಕೊಳ್ಳುವುದಾ, ಹೇಗೆ ಹೇಳುವುದು, ಅದೂ ಇರಲಿ. ಮನಸ್ಸು ಹೊರಳುವುದು ಎಲ್ಲರಿಗೂ ಆಗುತ್ತದೆ, ಮುಂದಿನ ಹೆಜ್ಜೆ ಕೈಯಲ್ಲಿರುತ್ತದೆ.

ಹಾದಿ ತಪ್ಪುವುದು ಹಾಸಿಗೆಯಿಂದ ಶುರುವಾಗುವುದು ಕಡಿಮೆ. ಮನೆಯ ಬೇಸರವನ್ನು ಹೊರಗಿನ ಒಬ್ಬರಿಗೇ ಹೇಳತೊಡಗುತ್ತಾರೆ, ಆ ಮಾತನ್ನು ಮನೆಯಲ್ಲಿ ಹೇಳುವುದು ನಿಲ್ಲುತ್ತದೆ, ಆಮೇಲೆ ಮೆಸೇಜು ಅಳಿಸತೊಡಗುತ್ತಾರೆ. ಅಳಿಸಿದ ದಿನವೇ ಗೆರೆ ದಾಟಿದ ದಿನ ಅಂತ ನಾನು ಹೇಳುತ್ತೇನೆ. ಪಾಸ್‌ವರ್ಡ್ ಹಂಚಿಕೊಂಡರೆ ಎಲ್ಲ ಸರಿಯಾಗುತ್ತದೆ ಅನ್ನುವುದರಲ್ಲಿ ನನಗೆ ನಂಬಿಕೆಯಿಲ್ಲ, ಎರಡನೇ ಸಿಮ್ಮು ಸಿಗುವುದು ಕಷ್ಟವಲ್ಲ.

ಆಗಬಾರದ್ದು ಆದರೆ, ನಿನ್ನಿಂದಲೇ ಆಗಲಿ ಅವರಿಂದಲೇ ಆಗಲಿ, ಮೊದಲು ಮೈಯನ್ನು ನೋಡಿಕೋ. ಎಚ್‌ಐವಿ ತಗುಲಿರಬಹುದು ಅನ್ನುವ ಸಂಪರ್ಕ ನಡೆದು 72 ಗಂಟೆ ಮೀರದಿದ್ದರೆ ತಡೆಯುವ ಮಾತ್ರೆಗಳಿವೆ, 28 ದಿನ ತಪ್ಪದೆ ನುಂಗಬೇಕು. ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ಆ ಹೊತ್ತು ಮೀರಿದ್ದರೆ ಪರೀಕ್ಷೆ: ತಕ್ಷಣ ಒಂದು, 6 ವಾರಕ್ಕೆ ಒಂದು, 3 ತಿಂಗಳಿಗೆ ಒಂದು. ಮೊದಲನೆಯದರಲ್ಲಿ ಏನೂ ಇಲ್ಲ ಅಂತ ಬಂದ ಕೂಡಲೇ ನಿಶ್ಚಿಂತೆಯಾಗುವುದೇ ಎಲ್ಲರೂ ಮಾಡುವ ತಪ್ಪು, ಸೋಂಕು ರಕ್ತದಲ್ಲಿ ಕಾಣಿಸಲು ವಾರಗಳು ಬೇಕು. ಜೊತೆಗೆ ಸಿಫಿಲಿಸ್, ಹೆಪಟೈಟಿಸ್ ಬಿ ಪರೀಕ್ಷೆಯನ್ನೂ ಕೇಳು. ಹೆಪಟೈಟಿಸ್ ಬಿ ಲಸಿಕೆ ಆಗಿರದಿದ್ದರೆ ಮೂರು ಚುಚ್ಚುಮದ್ದು, ಇವತ್ತು, ತಿಂಗಳಿಗೆ, ಆರು ತಿಂಗಳಿಗೆ. ಮೂರು ತಿಂಗಳ ಪರೀಕ್ಷೆ ಮುಗಿಯುವವರೆಗೆ ಕಾಂಡೋಮ್ ಇಲ್ಲದೆ ಬೇಡ. ಸರ್ಕಾರಿ ದೊಡ್ಡಾಸ್ಪತ್ರೆಗಳಲ್ಲಿರುವ ಐಸಿಟಿಸಿ ಅನ್ನುವ ಸಲಹೆ-ಪರೀಕ್ಷಾ ಕೇಂದ್ರದಲ್ಲಿ ಎಚ್‌ಐವಿ ಪರೀಕ್ಷೆ ಪುಕ್ಕಟೆ, ಗುಟ್ಟಾಗಿಡುತ್ತಾರೆ. ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿಯೂ ಕೇಳಬಹುದು.

ಇಲ್ಲೇ ಒಂದು ಎಚ್ಚರಿಕೆ. ಬಿಳಿಮುಟ್ಟು, ತುರಿಕೆ, ಉರಿಮೂತ್ರ ಇವು ಯಾರ ಮೋಸಕ್ಕೂ ಸಾಕ್ಷಿಯಲ್ಲ. ಶಿಲೀಂಧ್ರದ ಸೋಂಕು ಆ್ಯಂಟಿಬಯೋಟಿಕ್ ತೆಗೆದುಕೊಂಡರೂ ಬರುತ್ತದೆ, ಸಕ್ಕರೆ ಕಾಯಿಲೆ ಇದ್ದರೂ ಬರುತ್ತದೆ. ಎಚ್‌ಪಿವಿ, ಹರ್ಪಿಸ್ ಅನ್ನುವ ವೈರಸ್ಸುಗಳು ವರ್ಷಗಟ್ಟಲೆ ಮೈಯಲ್ಲಿ ಸುಮ್ಮನಿದ್ದು ಆಮೇಲೆ ಕಾಣಿಸಿಕೊಳ್ಳಬಹುದು. ಇಂಥ ಒಂದು ರಿಪೋರ್ಟು ಹಿಡಿದು ಮದುವೆಯನ್ನು ಮುರಿಯಬಾರದು.

ಆಮೇಲೆ ಮಾತು. 2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನು ಕಡಿದು ಕೊಚ್ಚಿಹೋದದ್ದು ನಿನಗೆ ನೆನಪಿರಬೇಕು. ಮೊದಲು ಉಳಿದ ಗೇಟುಗಳನ್ನೂ ಎತ್ತಿ ಒತ್ತಡ ಇಳಿಸಿದರು. ಹರಿಯುವ ನೀರಿನಲ್ಲೇ ಕಬ್ಬಿಣದ ತುಂಡುಗಳನ್ನು ಒಂದೊಂದಾಗಿ ಇಳಿಸಿ ವಾರದೊಳಗೆ ಸ್ಟಾಪ್‌ಲಾಗ್ ಅನ್ನುವ ತಾತ್ಕಾಲಿಕ ತಡೆ ಕೂರಿಸಿದರು. ನೀರು ನಿಂತಿತು, ಹೊಸ ಗೇಟಿನ ಕೆಲಸ ಇನ್ನೂ ಬಾಕಿ ಇತ್ತು. ಸಂಸಾರದಲ್ಲೂ ಮೊದಲು ಆ ಸಂಬಂಧ ನಿಲ್ಲಬೇಕು. "ಮೆಲ್ಲಗೆ ಬಿಡ್ತೀನಿ" ಅಂದರೆ ನಿಂತಿಲ್ಲ ಅಂತಲೇ ಅರ್ಥ. ಒಂದೇ ಆಫೀಸಾದರೆ ಕೆಲಸದ ಮಾತು ಮಾತ್ರ, ಆಡಿದ್ದನ್ನು ಅವತ್ತೇ ಮನೆಯಲ್ಲಿ ಹೇಳಬೇಕು. ಉಳಿಯುವುದೋ ಬಿಡುವುದೋ ಅನ್ನುವ ತೀರ್ಮಾನವನ್ನು ಮೊದಲ ಕೆಲವು ವಾರದಲ್ಲಿ ಮಾಡಬೇಡ, ನಿದ್ದೆ ಇಲ್ಲದ ತಲೆ ಅದಕ್ಕೆ ತಕ್ಕದ್ದಲ್ಲ.

ನಡೆದದ್ದನ್ನು ಒಂದೇ ಸಲ ಪೂರ್ತಿ ಹೇಳಬೇಕು. ಇವತ್ತು ಸ್ವಲ್ಪ, ಸಿಕ್ಕಿಬಿದ್ದ ಮೇಲೆ ಇನ್ನು ಸ್ವಲ್ಪ ಅಂತ ತೊಟ್ಟಿಕ್ಕಿಸಿದರೆ ಪ್ರತಿ ತೊಟ್ಟೂ ಮೊದಲ ದಿನದಷ್ಟೇ ಸುಡುತ್ತದೆ. ಮೂಲ ತಪ್ಪನ್ನು ತಡೆದುಕೊಂಡ ಮನೆಗಳೂ ಇದರಲ್ಲಿ ಮುರಿಯುತ್ತವೆ. ಯಾರು, ಯಾವಾಗ ಶುರು, ನಿಂತಿದೆಯಾ, ಕಾಂಡೋಮ್ ಬಳಸಿದ್ದರಾ, ಎಷ್ಟು ದುಡ್ಡು ಹೋಗಿದೆ, ಯಾರಿಗೆಲ್ಲ ಗೊತ್ತು, ಇವಕ್ಕೆ ಉತ್ತರ ಬೇಕೇ ಬೇಕು. ಹಾಸಿಗೆಯಲ್ಲಿ ಹೇಗಿದ್ದಳು, ನನಗಿಂತ ಚೆಂದ ಇದ್ದಳಾ, ಇವು ಕೇಳಿದವರ ಕಣ್ಣಲ್ಲೇ ಚಿತ್ರವಾಗಿ ಉಳಿಯುತ್ತವೆ. ಪ್ರಶ್ನೆ ಬಂದಾಗ ಚೀಟಿಯಲ್ಲಿ ಬರೆದಿಡು, ಮರುದಿನವೂ ಬೇಕು ಅನ್ನಿಸಿದರೆ ಕೇಳು. ದಿನಕ್ಕೆ ಅರ್ಧ ತಾಸು ಸಾಕು, ಊಟದ ಹೊತ್ತಿನಲ್ಲಿ ಬೇಡ, ಮಲಗುವ ಕೋಣೆಯಲ್ಲಿ ಅಂತೂ ಬೇಡ.

ನಮ್ಮ ಕಡೆ ಹಿರಿಯರನ್ನು ಕೂಡಿಸುವ ಪದ್ಧತಿ ಇದೆ. ಒಂದು ತಾಸಿನಲ್ಲಿ ಬುದ್ಧಿ ಹೇಳಿ, ಕಾಲಿಗೆ ಬೀಳಿಸಿ, "ಇಲ್ಲಿಗೆ ಮುಗೀತು, ಇನ್ನು ಆ ಮಾತು ಎತ್ತಬಾರದು" ಅಂದುಬಿಡುತ್ತಾರೆ. ಅವರಿಗೆ ಮುಗಿಯುತ್ತದೆ. ನೊಂದವಳು ಬಾಯಿ ಬಿಟ್ಟರೆ ಆಮೇಲೆ ಅವಳೇ ಮನೆ ಒಡೆಯುವವಳಾಗುತ್ತಾಳೆ. "ಆಕಿ ಮಾಟ ಮಾಡ್ಯಾಳ" ಅನ್ನುವುದೂ ಹೀಗೇ, ಮಾತು ಕೊಟ್ಟಿದ್ದ ಗಂಡನನ್ನು ಬಿಟ್ಟು ಸಿಟ್ಟೆಲ್ಲ ಬೇರೆ ಹೆಂಗಸಿನ ಮೇಲೆ ಹೋಗುತ್ತದೆ. ಹೇಳಿಕೊಳ್ಳಲು ಒಬ್ಬರನ್ನೋ ಇಬ್ಬರನ್ನೋ ಆರಿಸಿಕೋ, ಬಾಯಿ ಭದ್ರ ಇರುವವರನ್ನು. ಹದಿನೈದು ಜನರಿಗೆ ಹೇಳಿದರೆ ನೀವಿಬ್ಬರೂ ಸರಿಹೋದ ಮೇಲೂ ಆ ಹದಿನೈದು ಜನ ಸರಿಹೋಗುವುದಿಲ್ಲ.

ಏನೂ ಇಲ್ಲದೆ ಬರೀ ಸಂಶಯ ಇದ್ದರೆ ಅದು ಬೇರೆ ಕಾಯಿಲೆ. ಲೊಕೇಶನ್ ಕಳಿಸು, ವಿಡಿಯೋ ಕಾಲ್ ಮಾಡಿ ಕೋಣೆ ತೋರಿಸು, ಆ ಅಂಗಿ ಯಾಕೆ ಹಾಕಿದೆ, ಇದನ್ನು ಪ್ರೀತಿ ಅಂದುಕೊಳ್ಳಬೇಡ. ವಿಪರೀತ ಕುಡಿಯುವವರಲ್ಲಿ ಸಂಶಯ ಭ್ರಮೆಯ ಮಟ್ಟಕ್ಕೂ ಹೋಗುತ್ತದೆ, ಎಷ್ಟು ಪುರಾವೆ ಕೊಟ್ಟರೂ ಇಳಿಯುವುದಿಲ್ಲ, ಅದಕ್ಕೆ ಮನೋವೈದ್ಯರೇ ಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಸಿಗುತ್ತದೆ. ಕೈ ಎತ್ತಿದರೆ, ತಪ್ಪು ನಿಜವಾಗಿ ನಡೆದಿದ್ದರೂ ಸರಿ, ಸುಳ್ಳಾದರೂ ಸರಿ, ಪೊಲೀಸರ 112 ಇಲ್ಲವೇ ಮಹಿಳಾ ಸಹಾಯವಾಣಿ 181. ಆಮೇಲೆ ನಮಗೆ ಫೋನು. ಹೊತ್ತು ನೋಡಬೇಡ.

ಈ ಕಾಗದವನ್ನು ಎರಡು ಪ್ರತಿ ಮಾಡಿದ್ದೇನೆ. ಒಂದು ನಿನ್ನದು, ಇನ್ನೊಂದನ್ನು ಅವರಿಗೆ ಕೊಡು, ಅತ್ತೆಯಾಗುವವಳು ಬರೆದದ್ದು ಅಂತ ಹೇಳಿಯೇ ಕೊಡು. ನಿನ್ನ ತಮ್ಮನಿಗೆ ಹೆಣ್ಣು ಗೊತ್ತಾದ ದಿನ ಮೂರನೆಯ ಪ್ರತಿ ಬರೆಯುತ್ತೇನೆ. ಮುಂದಿನ ಶನಿವಾರ ಬರುವಾಗ ಸ್ವೆಟರ್ ತಾ, ಬೆಳಗಿನ ಜಾವ ಸ್ಟೇಷನ್ನಿನಲ್ಲಿ ಚಳಿ ಇರುತ್ತದೆ. ನಿಮ್ಮಪ್ಪ ಬಂದು ನಿಂತಿರುತ್ತಾರೆ.

ನಿನ್ನ
ಅವ್ವ